ಯುಕುಲೇಲೆ ಪೆಟ್ಟಿಗೆಯ ಅಕ್ಕಿ

ನಮ್ಮ ಮನೆ ಓನರ್ ಬಾಲರಾಜು ಅವರಿಗೆ ಯಾವ ಕಾಯಿಲೆಯೂ ಇಲ್ಲ. ಅವರ ಮಗಳು ಚೈತ್ರಳಿಗಂತೂ ಇಲ್ಲವೇ ಇಲ್ಲ. ಇದನ್ನು ನಾನು ಗಂಗಾನಗರದ ಹಾಲಿನ ಬೂತಿನಲ್ಲಿ, ಕಟಿಂಗ್ ಶಾಪಿನಲ್ಲಿ, ಇಸ್ತ್ರಿ ಗಾಡಿಯ ಮುಂದೆ, ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ. ಎಲ್ಲರೂ ಕರುಣೆಯಿಂದ ನನ್ನ ಹೆಗಲು ತಟ್ಟಿ, ಓನರ್ ಮಾನ ಕಾಯುವ ಇಂಥ ಬಾಡಿಗೆದಾರರು ಈ ಕಾಲದಲ್ಲಿ ಸಿಗುವುದಿಲ್ಲ ಎನ್ನುತ್ತಾರೆ. ನಂಬಿದವರು ಒಬ್ಬರೂ ಇಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದುಬಿಡುತ್ತೇನೆ. ಇದನ್ನೂ ನಂಬದಿದ್ದರೆ ಅದು ನನ್ನ ಕರ್ಮ.

ಬಾಲರಾಜು ಅವರ ಅಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಮೂರು ಮಹಡಿಯ ಮನೆ ನಿಂತಿದೆ. ಕೆಳಗೆ ನಾನು, ನಡುವೆ ಅವರ ಸಂಸಾರ, ಮೇಲೆ ಬರುತ್ತಾ ಹೋಗುತ್ತಾ ಇರುವ ಬ್ಯಾಚುಲರ್ ಹುಡುಗರು. ಅರವತ್ತರ ಹತ್ತಿರದ ಮನುಷ್ಯ. ಅವರ ಉದ್ಯೋಗವೆಂದರೆ ಬೆಳಗ್ಗೆ ನೀರಿನ ಮೋಟರ್ ಹಾಕುವುದು, ಟ್ಯಾಂಕ್ ತುಂಬಿ ನನ್ನ ಬಾಗಿಲ ಮುಂದೆ ಹೊಳೆ ಹರಿದ ಮೇಲೆ ಅದನ್ನು ಆರಿಸುವುದು. ಸ್ವಭಾವದಲ್ಲಿ ಸಾಧು. ಅವರು ಶುರುಮಾಡಿದ ವಾಕ್ಯವನ್ನು ಹೆಂಡತಿ ದ್ರೌಪದಮ್ಮನವರು ಮುಗಿಸುತ್ತಾರೆ, ಅದೂ ಅವರು ಹೇಳಹೊರಟದ್ದಕ್ಕೆ ಸಂಬಂಧವೇ ಇಲ್ಲದಂತೆ. ಬಾಲರಾಜು ಬಾಯಿ ತೆರೆದಿದ್ದನ್ನು ನಾನು ನೂರಾರು ಸಲ ನೋಡಿದ್ದೇನೆ. ಹೆಂಡತಿ ಎದುರಿಗಿದ್ದಾಗ ಅವರ ಮಾತು ಪೂರ್ತಿಯಾದದ್ದನ್ನು ಕಂಡಿಲ್ಲ.

ಹೀಗಿರುವಾಗ ಮೇಲಿನ ಮಹಡಿಯ ಹುಡುಗನೊಬ್ಬ ಮನೆ ಖಾಲಿ ಮಾಡಿ ಹೋದ. ಅಟ್ಟದ ಮೇಲೆ ಒಂದು ಕಪ್ಪು ಪೆಟ್ಟಿಗೆಯನ್ನು ಮರೆತಿದ್ದ. ಅದರೊಳಗೆ ನಾಲ್ಕು ತಂತಿಯ ಒಂದು ಪುಟ್ಟ ವಾದ್ಯ. ಗಿಟಾರ್ ಹೆತ್ತ ಮರಿಯ ಹಾಗಿತ್ತು. ಫೋನ್ ಮಾಡಿದರೆ ಆ ಹುಡುಗ, ಅದು ಯುಕುಲೇಲೆ ಅಂಕಲ್, ನೀವೇ ಇಟ್ಕೊಳ್ಳಿ ಎಂದ. ಬಾಲರಾಜು ಇಟ್ಟುಕೊಂಡರು. ಮೊಬೈಲ್ ನೋಡಿ ನೋಡಿ ತಂತಿಗಳನ್ನು ಬೆರಳಲ್ಲಿ ಒತ್ತುವ ಮೂರು ಪಟ್ಟು, ಅಂದರೆ ಕಾರ್ಡ್, ಹಿಡಿಯುವುದನ್ನು ಕಲಿತರು. ನಾಲ್ಕನೆಯದಕ್ಕೆ ಕಿರುಬೆರಳು ಬಗ್ಗಲಿಲ್ಲ. ಅವರ ನೆಲವೇ ನನ್ನ ತಾರಸಿಯಾದ್ದರಿಂದ ಈ ವಿದ್ಯಾಭ್ಯಾಸ ಪೂರ್ತಿ ನನ್ನ ತಲೆಯ ಮೇಲೆಯೇ ನಡೆಯಿತು.

ಮೂರು ಪಟ್ಟಿಗೆ ಹೊಂದುವ ಹಾಡು ಎಲ್ಲೂ ಸಿಗದೆ ಅವರೇ ಒಂದು ಕಟ್ಟಿದರು. ವಸ್ತು ಹೆಬ್ಬಾಳದ ಫ್ಲೈಓವರ್. ಒಮ್ಮೆ ನಾಗವಾರಕ್ಕೆಂದು ಕಾರು ಹತ್ತಿಸಿ, ಇಳಿಯುವ ಕಡೆ ಇಳಿಯದೆ, ವಿಮಾನ ನಿಲ್ದಾಣದ ರಸ್ತೆಯಲ್ಲಿ ಬಹಳ ದೂರ ಹೋಗಿಬಿಟ್ಟಿದ್ದರಂತೆ. 'ಮೇಲೇರಿ ಬಂದೆನೋ, ಇಳಿವ ದಾರಿ ಕಾಣೆನೋ. ಎಡಕೆ ತಿರುಗಬೇಕಿತ್ತೋ, ತಿರುಗದೆ ಹೋದೆನೋ. ಸುಂಕದ ಕಟ್ಟೆ ಬಂದಾಗ ಕೈಯಲೇನೂ ಇಲ್ಲವೋ.' ಟೋಲ್ ಕಟ್ಟಲು ನೋಡಿದರೆ ಪರ್ಸ್ ಮನೆಯಲ್ಲೇ ಬಿಟ್ಟು ಹೋಗಿದ್ದರು ಎಂಬುದು ಕೊನೆಯ ಸಾಲಿನ ತಾತ್ಪರ್ಯ.

ಇಲ್ಲಿಗೆ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಮೊಬೈಲಿನಲ್ಲಿ ಪಾಠ ಹೇಳುವ ಪರದೇಶದ ಗಡ್ಡದವನೊಬ್ಬ ಒಂದು ದಿನ ಒಂದು ಮಾತು ಹೇಳಿದ. ಮನೆಯಲ್ಲಿ ನುಡಿಸುವವನು ಕಲಾವಿದನಲ್ಲ. ಪಾರ್ಕಿನಲ್ಲಿ ಕೂತು, ಪೆಟ್ಟಿಗೆ ಮುಂದೆ ತೆರೆದಿಟ್ಟು ಹಾಡಬೇಕು. ಗುರುತಿಲ್ಲದ ಒಬ್ಬನೇ ಒಬ್ಬ ನಿಂತು ಕೇಳಿ ಅದರಲ್ಲಿ ಏನಾದರೂ ಹಾಕಿದರೆ ಅವತ್ತು ನೀನು ಕಲಾವಿದ ಎಂದ. ಅವರ ದೇಶದಲ್ಲಿ ದೊಡ್ಡ ದೊಡ್ಡವರೂ ಹಾಗೆ ಕೂರುತ್ತಾರಂತೆ. ಬಾಲರಾಜು ಇದನ್ನು ಗುಟ್ಟಾಗಿ ನನ್ನ ಹತ್ತಿರ ಹೇಳಿ, ದಯವಿಟ್ಟು ನೀವು ಆ ಕಡೆ ಬರಬೇಡಿ, ಗುರುತಿನವರು ನಿಂತರೆ ಲೆಕ್ಕಕ್ಕಿಲ್ಲ ಎಂದರು.

ಅವರು ಆರಿಸಿಕೊಂಡ ದಿನ ಶನಿವಾರ. ಅದಕ್ಕೂ ಕಾರಣವಿತ್ತು. ಮಾರನೆಯ ದಿನ ಭಾನುವಾರ ಚೈತ್ರಳ ಸಂಬಂಧಕ್ಕೆ ವೀಳ್ಯ ಬದಲಾಯಿಸಿಕೊಳ್ಳಲು ಚಿಕ್ಕಜಾಲದಿಂದ ಗಂಡಿನವರು ಬರುವವರಿದ್ದರು. ಒಮ್ಮೆ ಬೀಗರಾದ ಮೇಲೆ ಪಾರ್ಕಿನಲ್ಲಿ ಕೂತು ಹಾಡುವುದು ಶೋಭಿಸುವುದಿಲ್ಲ. ಕಲಾವಿದನಾಗುವುದಿದ್ದರೆ ಶನಿವಾರವೇ ಆಗಿಬಿಡಬೇಕು ಎಂದು ಅವರ ತರ್ಕ.

ಚೈತ್ರಳ ಬಗ್ಗೆ ಎರಡು ಮಾತು ಹೇಳಬೇಕು. ಆರ್.ಟಿ. ನಗರದ ಒಂದು ಬ್ಯಾಂಕಿನಲ್ಲಿ ಕೆಲಸ. ಮೂವತ್ತು ದಾಟಿದೆ. ಹಿಂದೆ ಎರಡು ಸಂಬಂಧ ಬಂದು ತಪ್ಪಿದ್ದವು. ಒಂದು ಜಾತಕದಿಂದ. ಇನ್ನೊಂದು ಯಾಕೆ ತಪ್ಪಿತೆಂದು ಇವತ್ತಿಗೂ ಯಾರೂ ಹೇಳಿಲ್ಲ. ಈ ಮೂರನೆಯ ಹುಡುಗ ಗಿರಿಯನ್ನು ಅವಳು ಮನಸಾರೆ ಒಪ್ಪಿದ್ದಳು. ಆಷಾಢವಿಡೀ ಇಬ್ಬರೂ ಫೋನಿನಲ್ಲಿ ಮಾತಾಡಿದ್ದೇ ಮಾತಾಡಿದ್ದು. ಅವಳು ಮೆಟ್ಟಿಲ ಮೇಲೆ ಕೂತು ನಗುವುದು ನನ್ನ ಅಡುಗೆಮನೆಯವರೆಗೂ ಕೇಳುತ್ತಿತ್ತು. ಆ ಮನೆಯಲ್ಲಿ ಯಾರಾದರೂ ಅಷ್ಟು ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅಂದಿನ ಶನಿವಾರ ಬರೀ ಶನಿವಾರವಲ್ಲ, ಶ್ರಾವಣ ಶನಿವಾರ. ಬಾಲರಾಜು ಅವರ ಮನೆದೇವರು ವೆಂಕಟರಮಣ. ಈ ಒಕ್ಕಲಿನವರಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇದೆ. ಎಷ್ಟೇ ಸಾಹುಕಾರನಾಗಲಿ, ಮನೆಯಲ್ಲಿ ಯಾರಿಗಾದರೂ ಕಷ್ಟ ಬಂದು ಹರಕೆ ಹೊತ್ತಿದ್ದರೆ, ಶ್ರಾವಣ ಶನಿವಾರ ಹಣೆಗೆ ಮೂರು ನಾಮ ಹಾಕಿ, ಬರಿಗಾಲಲ್ಲಿ ನಾಲ್ಕು ಮನೆ ಮುಂದೆ ನಿಂತು ಗೋವಿಂದ ಎನ್ನಬೇಕು. ಜನ ಹಾಕಿದ ಭಿಕ್ಷೆಯ ಅಕ್ಕಿಯನ್ನೇ ಬೇಯಿಸಿ ದೇವರಿಗೆ ಎಡೆ ಇಡಬೇಕು. ಇದರಲ್ಲಿ ಅವಮಾನವಿಲ್ಲ, ಭಿಕ್ಷೆ ಹಾಕಿದವರಿಗೂ ಪುಣ್ಯ. ಬಾಲರಾಜು ಯಾವ ಹರಕೆಯನ್ನೂ ಹೊತ್ತಿರಲಿಲ್ಲ. ಆದರೆ ಹಬ್ಬದ ದಿನವೆಂದು ದ್ರೌಪದಮ್ಮನವರು ಬೆಳಗ್ಗೆಯೇ ಗಂಡನನ್ನು ಕೂರಿಸಿ ಹಣೆತುಂಬ ನಾಮ ತೀಡಿ, ಮಡಿ ಪಂಚೆ ಉಡಿಸಿದ್ದರು.

ವಾಕಿಂಗ್ ಹೋಗಿ ಬರುತ್ತೇನೆಂದು ಅವರು ಪೆಟ್ಟಿಗೆ ಹಿಡಿದು ಹೊರಟರು. ಗುರುತಿನವರು ಸಿಗಬಾರದೆಂದು ಎರಡು ರಸ್ತೆ ಆಚೆಯ ಪಾರ್ಕಿಗೆ ಹೋದರು. ಆ ಪಾರ್ಕೂ ಸೇರಿ ಅಲ್ಲಿನ ಅರ್ಧ ಜಾಗ ಒಂದು ಕಾಲದಲ್ಲಿ ಅವರ ಅಜ್ಜನದೇ ಆಗಿತ್ತು, ಅಲ್ಲಿ ಓಡಾಡುವ ನಾಯಿಗೂ ಅವರ ಗುರುತಿತ್ತು ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಬರಬೇಡಿ ಎಂದರೆ ಬರದಿರಲು ನಾನು ಸನ್ಯಾಸಿಯಲ್ಲ. ಹಿಂದೆಯೇ ಹೋಗಿ ದೂರದ ಬೆಂಚಿನಲ್ಲಿ ಪೇಪರ್ ಅಡ್ಡ ಹಿಡಿದು ಕೂತೆ.

ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಅವರು ಕೂತರು. ಭಾನುವಾರಕ್ಕೆಂದು ತಂದ ಹೊಸ ಚಪ್ಪಲಿ ಕಚ್ಚುತ್ತಿತ್ತೋ ಏನೋ, ಬಿಚ್ಚಿ ಬೆಂಚಿನ ಕೆಳಗೆ ತಳ್ಳಿದರು. ಪೆಟ್ಟಿಗೆ ತೆರೆದು ಮುಂದಿಟ್ಟರು. ನುಡಿಸಲು ಶುರುಮಾಡಿದರು. ಹೊತ್ತು ಹೋಯಿತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ಸುತ್ತುತ್ತಲೇ ಇದ್ದರು. ಕೈ ಬೀಸುವವರು ಬೀಸಿದರು, ಚಪ್ಪಾಳೆ ತಟ್ಟುವವರು ತಮ್ಮ ಆರೋಗ್ಯಕ್ಕಾಗಿ ತಟ್ಟಿಕೊಂಡರು. ಒಬ್ಬರೂ ನಿಲ್ಲಲಿಲ್ಲ. ಬಾಲರಾಜು ಪ್ರತಿಯೊಬ್ಬರ ಮುಖವನ್ನೂ ನೋಡುತ್ತಿದ್ದರು. ಅವರು ಹಾಗೆ ನೋಡುವುದನ್ನು ನೋಡಿ ನನಗೆ ಪೇಪರಿನ ಅಕ್ಷರ ಕಾಣದಾಯಿತು.

ಪಾರ್ಕಿಗೆ ಹೊಸದಾಗಿ ಸೇರಿದ್ದ ಸೆಕ್ಯುರಿಟಿ ಸಂಗಪ್ಪ ಬಂದು, ಇಲ್ಲಿ ವಾದ್ಯ ಬಾರಿಸುವ ಹಾಗಿಲ್ಲ, ಬೋರ್ಡ್ ಓದಿ ಎಂದ. ಬೋರ್ಡಿನಲ್ಲಿ ಹುಲ್ಲು ತುಳಿಯಬೇಡಿ ಎಂದಷ್ಟೇ ಇತ್ತು. ಆದರೂ ತನ್ನಿಂದ ಬಗೆಹರಿಯದ ಕೇಸೆಂದು ಅವನು ವಾಕರ್ಸ್ ಅಸೋಸಿಯೇಷನ್ ಅಧ್ಯಕ್ಷರಾದ ವೆಂಕಟರಾಮಯ್ಯನವರನ್ನು ಕರೆತಂದ. ಯಾರೋ ತಿರುಪೆಯವನು ಸಾರ್ ಎಂದು ದಾರಿಯಲ್ಲೇ ಹೇಳಿದ್ದನಂತೆ. ವೆಂಕಟರಾಮಯ್ಯನವರು ಮುಖ ಕೆಂಪಗೆ ಮಾಡಿಕೊಂಡು ಬಂದವರು ಬಾಲರಾಜು ಅವರನ್ನು ಕಂಡು ಥಟ್ಟನೆ ನಿಂತರು. ನಾಮ ಕಂಡಿತು. ಮಡಿ ಪಂಚೆ ಕಂಡಿತು. ಬರಿಗಾಲು, ತಂಬೂರಿಯಂಥ ವಾದ್ಯ, ತೆರೆದ ಪೆಟ್ಟಿಗೆ ಕಂಡವು. ಈ ಕಡೆ ಹುಟ್ಟಿ ಬೆಳೆದವರು ಇದನ್ನೆಲ್ಲ ಕೂಡಿಸಿದರೆ ಬರುವ ಉತ್ತರ ಒಂದೇ. ಅವರು ತಮ್ಮ ಕ್ಯಾನ್ವಾಸ್ ಶೂ ಬಿಚ್ಚಿ ಕೈ ಮುಗಿದರು.

ಇಲ್ಲಿ ಬಾಲರಾಜು ಅವರ ವಾದನ ಕ್ರಮವನ್ನು ತಿಳಿಸಬೇಕು. ತಾಳಕ್ಕೆ ಸರಿಯಾಗಿ ಮೇಲೆ ಕೆಳಗೆ ತಲೆ ಆಡಿಸದಿದ್ದರೆ ಅವರ ಕೈ ನಡೆಯುವುದಿಲ್ಲ. ಬೆರಳು ಒಂದು ಪಟ್ಟಿನಿಂದ ಇನ್ನೊಂದಕ್ಕೆ ಹೋಗುವಾಗ ತಲೆ ಅಡ್ಡಡ್ಡ ಆಡುತ್ತದೆ. ನಡುವೆ ಮಾತಾಡಿದರೆ ಎಲ್ಲ ಮರೆತುಹೋಗುತ್ತದೆ. ವೆಂಕಟರಾಮಯ್ಯನವರೇ ಆಮೇಲೆ ನನಗೆ ಹೇಳಿದ ಪ್ರಕಾರ ಅಲ್ಲಿ ನಡೆದ ಸಂಭಾಷಣೆ ಇಷ್ಟು.

"ಹರಕೇನಾ ಬಾಲರಾಜು?"

ತಲೆ ಮೇಲೆ ಕೆಳಗೆ ಆಡಿತು.

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಮತ್ತೆ ಮೇಲೆ ಕೆಳಗೆ.

"ನಿಮ್ಗಾ? ಇಲ್ಲಾ ದ್ರೌಪದಮ್ಮನಿಗಾ?"

ಆ ಹೊತ್ತಿಗೆ ಸರಿಯಾಗಿ ಪಟ್ಟು ಬದಲಾಯಿಸುವ ಜಾಗ ಬಂತು. ತಲೆ ಅಡ್ಡಡ್ಡ ಆಡಿತು. ಅವರಿಬ್ಬರಿಗೂ ಅಲ್ಲವೆಂದ ಮೇಲೆ ಆ ಮನೆಯಲ್ಲಿ ಉಳಿದವಳು ಚೈತ್ರ ಒಬ್ಬಳೇ. ವೆಂಕಟರಾಮಯ್ಯನವರು ಲೆಕ್ಕಪತ್ರ ಇಲಾಖೆಯಲ್ಲಿ ನಿವೃತ್ತರಾದವರು. ಕೂಡಿ ಕಳೆಯುವುದರಲ್ಲಿ ಅವರು ತಪ್ಪುವವರಲ್ಲ. ಕಣ್ಣೊರೆಸಿಕೊಂಡು ನೇರ ಮನೆಗೆ ಹೋಗಿ ಹೆಂಡತಿಯ ಕೈಯಲ್ಲಿ ಅಕ್ಕಿ ಹಿಡಿಸಿಕೊಂಡು ಬಂದು ಪೆಟ್ಟಿಗೆಗೆ ಸುರಿದರು.

ಮಡಕೆ ಬಾಯಿಗೆ ಮುಚ್ಚಳ ಇಡಬಹುದು, ಊರ ಬಾಯಿಗೆ ಇಡಲಾದೀತೆ? ಅರ್ಧ ಗಂಟೆಯಲ್ಲಿ ಹೆಂಗಸರು ಮೊರದಲ್ಲಿ, ಲೋಟದಲ್ಲಿ, ಸ್ಟೀಲ್ ಡಬ್ಬಿಯಲ್ಲಿ ಅಕ್ಕಿ ತಂದರು. ಕೆಲವರು ಬೆಲ್ಲವನ್ನೂ ಇಟ್ಟರು. ಒಬ್ಬರು ಬಾಲರಾಜು ಅವರ ಕಾಲಿಗೆ ನೀರು ಹಾಕಿ ಅರಿಸಿನ ಕುಂಕುಮ ಹಚ್ಚಿದರು. ಹಾಡಿನ 'ಸುಂಕದ ಕಟ್ಟೆ' ಬಂದಾಗ ಇಬ್ಬರು ಮುದುಕಿಯರು ಸೆರಗು ಬಾಯಿಗೆ ಒತ್ತಿ, ಎಂಥ ಅನುಭವದ ಮಾತು ಎಂದು ಅತ್ತರು. ಆದರೆ ಯಾರೂ ಹಾಡನ್ನು ಪೂರ್ತಿ ಕೇಳಲಿಲ್ಲ. ಪ್ರತಿಯೊಬ್ಬರೂ ಅರ್ಧದಲ್ಲಿ ನಿಲ್ಲಿಸಿ, ಮೊದಲು ಅಕ್ಕಿ ತಗೊಳ್ಳಿ, ಗೋವಿಂದ ಅನ್ನಿ ಎನ್ನುತ್ತಿದ್ದರು. ಬಾಲರಾಜು ಅನ್ನುತ್ತಿದ್ದರು. ಸಂಗಪ್ಪ ಕ್ಯೂ ಮಾಡಿಸುತ್ತಿದ್ದ.

ಯುಕುಲೇಲೆಯನ್ನು ಕಂಕುಳಲ್ಲಿ ಇರುಕಿ, ಅಕ್ಕಿ ತುಂಬಿದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮನೆಯ ಕಡೆ ಬರುತ್ತಿದ್ದ ಅವರನ್ನು ನಾನು ರಸ್ತೆಯಲ್ಲಿ ಸೇರಿಕೊಂಡೆ. ಅವರ ಮುಖ ಬೆಳಗುತ್ತಿತ್ತು.

"ನಿಂತ್ರು ಕಣ್ರೀ," ಎಂದರು. "ಜನ ನಿಂತ್ರು. ದುಡ್ಡಲ್ಲ, ಮನೆ ಅಕ್ಕಿ ತಂದು ಹಾಕಿದ್ರು. ಆ ಗಡ್ಡದವನು ಹೇಳಿದ್ಹಾಗೆ ಇವತ್ತು ನಾನು..."

ಆ ಮಾತೂ ಪೂರ್ತಿಯಾಗಲಿಲ್ಲ. ಗೇಟಿನಲ್ಲಿ ದ್ರೌಪದಮ್ಮನವರು ನಿಂತಿದ್ದರು. ಅವರ ಎರಡೂ ಪಕ್ಕದಲ್ಲಿ ಅವರನ್ನು ಹಿಡಿದುಕೊಂಡ ನೆರೆಯವರಿದ್ದರು. ಸುದ್ದಿ ಬಾಲರಾಜು ಅವರಿಗಿಂತ ಮೊದಲೇ ಮನೆ ಸೇರಿತ್ತು. ಮಗಳಿಗೆ ಏನೋ ಆಗಿದೆ, ಅಪ್ಪ ಮಗಳು ಸೇರಿ ತನ್ನಿಂದ ಮುಚ್ಚಿಟ್ಟಿದ್ದಾರೆ ಎಂದು ಆ ತಾಯಿ ಗೋಳಾಡುತ್ತಿದ್ದರು. ಹೋದ ತಿಂಗಳು ಚೈತ್ರ ಸ್ಕ್ಯಾನಿಂಗ್ ಸೆಂಟರಿನಿಂದ ಹೊರಬರುವುದನ್ನು ಯಾರೋ ಕಂಡಿದ್ದರು. ಬುದ್ಧಿಹಲ್ಲಿನ ಎಕ್ಸ್‌ರೇ ತೆಗೆಸಲು ಹೋಗಿದ್ದ ಹುಡುಗಿ ಅದು. ಈಗ ಆ ಹಲ್ಲು ಇಡೀ ಬೀದಿಯ ಪಾಲಿಗೆ ಬೇರೆ ಏನೇನೋ ಆಗಿ ಬೆಳೆದಿತ್ತು.

ನೆರೆಯವರು ಹೋದ ಮೇಲೆ ಬಾಲರಾಜು ಸತ್ಯ ಹೇಳಿದರು. ದ್ರೌಪದಮ್ಮನವರ ಅಳು ನಿಂತಿತು. ಅದರ ಬದಲಿಗೆ ಬಂದದ್ದನ್ನು ನಾನು ತಾರಸಿಯ ಮೂಲಕ ಸ್ಪಷ್ಟವಾಗಿ ಕೇಳಿದೆ. ದೇವರ ಹೆಸರಲ್ಲಿ ಬೇಡಿದರೆ ಮರ್ಯಾದೆ, ಕುಳ್ಳ ಗಿಟಾರು ಹಿಡಿದು ಕಾಸಿಗೆ ಕೂತಿದ್ದೆ ಅಂದರೆ ಮನೆತನ ಬೀದಿಗೆ ಬಂದಂತೆ. ಹರಕೆ ಅಂದೇ ಇರಲಿ, ಇನ್ನೊಬ್ಬರ ಮುಂದೆ ಬಾಯಿ ಬಿಟ್ಟರೆ ನೋಡಿ ಎಂದರು. ಯಾರ ಹೆಸರಿನ ಹರಕೆ ಎಂದು ಜನ ಕೇಳುತ್ತಾರಲ್ಲ ಎಂಬ ಯೋಚನೆ ಇಬ್ಬರಿಗೂ ಬರಲಿಲ್ಲ.

ಸಂಜೆಗೆ ಚಿಕ್ಕಜಾಲದಿಂದ ಫೋನ್ ಬಂತು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ನಾಳೆ ಖಂಡಿತ ಬರುತ್ತೇವೆ, ವೀಳ್ಯದ ಮಾತು ಆಮೇಲೆ ನೋಡೋಣ, ಮೊದಲು ಮಗುವನ್ನು ನೋಡಿಕೊಂಡು ಹೋಗುತ್ತೇವೆ ಎಂದರು. ಚೈತ್ರ ಗಿರಿಗೆ ಫೋನ್ ಮಾಡಿದಳು. ಅವನು ತೆಗೆಯಲಿಲ್ಲ. ಅವತ್ತು ಮೆಟ್ಟಿಲ ಮೇಲೆ ನಗು ಕೇಳಲಿಲ್ಲ.

ಭಾನುವಾರ ಅವರು ಬಂದರು. ಕೈಗೆ ಸಹಾಯಕ್ಕೆಂದು ನಾನು ಓನರ್ ಮನೆಯ ಅಡುಗೆಮನೆಯಲ್ಲಿದ್ದೆ. ವೀಳ್ಯದೆಲೆ, ಹೂವು ತರಬೇಕಾದವರು ಎಳನೀರು, ಸೇಬು, ಬ್ರೆಡ್ ತಂದಿದ್ದರು. ಆಸ್ಪತ್ರೆಗೆ ಹೋದಂತೆ ಚಪ್ಪಲಿಯ ಸದ್ದಾಗದಂತೆ ಬಂದು ಸೋಫಾದ ಅಂಚಿನಲ್ಲಿ ಕೂತರು. ಗಿರಿಯ ಅಜ್ಜ ಮುನಿಆಂಜಿನಪ್ಪನವರದೇ ಆ ಮನೆಯಲ್ಲಿ ಕೊನೆಯ ಮಾತು. ಅವರ ಸೊಸೆ, ಅಂದರೆ ಗಿರಿಯ ತಾಯಿ ಮರಿಯಮ್ಮ, ಚೈತ್ರಳ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಉಗುರು ನೋಡಿದರು. ಆಮೇಲೆ ನಿಮ್ಮ ಮನೆ ತಾರಸಿ ತೋರಿಸಮ್ಮ ಎಂದು ಅವಳನ್ನು ಮೇಲಕ್ಕೆ ಹತ್ತಿಸಿ, ಉಸಿರು ಕಟ್ಟುತ್ತದೆಯೇ ಎಂದು ಹಿಂದಿನಿಂದಲೇ ಗಮನಿಸಿದರು. ಉಸಿರು ಕಟ್ಟಿದ್ದು ಮರಿಯಮ್ಮನವರಿಗೆ. ಚೈತ್ರ ಅವರ ಕೈ ಹಿಡಿದು ಇಳಿಸಿಕೊಂಡು ಬಂದಳು. ಕೋಳಿ ಕೇಳಿ ಯಾರಾದರೂ ಖಾರ ಅರೆಯುತ್ತಾರೆಯೇ? ನಿನಗೇನಾಗಿದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ಅವಳು ಗಿರಿಯ ಕಡೆಗೇ ನೋಡುತ್ತಿದ್ದಳು. ಗಿರಿ ನೆಲದ ಟೈಲ್ಸ್ ನೋಡುತ್ತಿದ್ದ.

ಮುನಿಆಂಜಿನಪ್ಪನವರು ಬಾಲರಾಜು ಅವರ ಮೊಣಕಾಲ ಮೇಲೆ ಕೈಯಿಟ್ಟು, "ಮಗೀಗೆ ಏನಾಗೈತೆ ಅಂತ ನೆಟ್ಟಗೆ ಏಳ್ಬುಡಪ್ಪ. ಯಾರೆಸ್ರಲ್ಲಿ ಒತ್ತಿದ್ದು ಅರಕೆ?" ಎಂದರು.

ಬಾಲರಾಜು ಹೆಂಡತಿಯ ಕಡೆ ನೋಡಿದರು. ದ್ರೌಪದಮ್ಮನವರು ಕಣ್ಣಲ್ಲೇ ಬೇಡ ಎಂದರು. ಆಮೇಲೆ ಅವರು ಮಗಳ ಕಡೆ ನೋಡಿದರು. ಆ ಮನುಷ್ಯ ಜೀವನದಲ್ಲಿ ಮೊದಲ ಸಲ, ಹೆಂಡತಿಯ ಎದುರಿಗೇ, ನಾಲ್ಕು ಜನರ ಮುಂದೆ ಒಂದು ವಾಕ್ಯವನ್ನು ತಾವೇ ಮುಗಿಸಿದರು. ಹರಕೆ ಅಲ್ಲ, ನಾನು ಸಂಗೀತ ನುಡಿಸಿ ಜನ ಕಾಸು ಹಾಕುತ್ತಾರೋ ನೋಡೋಣ ಅಂತ ಕೂತಿದ್ದೆ ಎಂದರು. ನನ್ನನ್ನು ಸಾಕ್ಷಿಗೆ ಕರೆಸಿದರು. ನಾನು ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು, ಹೌದು, ತಿಂಗಳುಗಟ್ಟಲೆ ಕೇಳಿಸಿಕೊಂಡಿದ್ದೇನೆ ಎಂದು ಪ್ರಮಾಣ ಮಾಡಿದೆ. ಗಂಡಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂರು ಮಹಡಿ ಮನೆ ಇಟ್ಟುಕೊಂಡು ಯಾರಾದರೂ ಕಾಸಿಗೆ ಬೀದಿಯಲ್ಲಿ ಕೂರುತ್ತಾರೆಯೇ, ಸುಳ್ಳು ಹೇಳಿದರೂ ನಂಬುವಂತೆ ಹೇಳಬೇಕಲ್ಲ ಎಂಬ ಭಾವ ಆ ಮುಖಗಳಲ್ಲಿತ್ತು.

"ಅಂಗಾದ್ರೆ ಬಾರ್ಸು, ನೋಡಾನ," ಎಂದರು ಮುನಿಆಂಜಿನಪ್ಪ.

ಬಾಲರಾಜು ಯುಕುಲೇಲೆ ತಂದರು. ಶುರುವಾಯಿತು. ಮೊದಲನೆಯ ಪಟ್ಟು ಸಿಕ್ಕಿತು. ಎರಡನೆಯದು ಸಿಗಲಿಲ್ಲ. ಮೂರನೆಯದನ್ನು ಹುಡುಕುವಾಗ ತಂತಿ ಕೀರಲಿಟ್ಟಿತು. 'ಮೇಲೇರಿ ಬಂದೆನೋ' ಎನ್ನುವಲ್ಲಿ ಶ್ರುತಿ ತಪ್ಪಿತು. ಆದರೂ ಅವರು ನಿಲ್ಲಿಸಲಿಲ್ಲ, ಯಾರೂ ನಿಲ್ಲಿಸಿ ಎನ್ನಲಿಲ್ಲ. ಅಷ್ಟು ಜನ ಕೂತಲ್ಲಿಂದ ಕದಲದೆ, ಸುಂಕದ ಕಟ್ಟೆ ಬಂದು ಕೈ ಬರಿದಾಗುವವರೆಗೂ ಕೇಳಿದರು. ಅವರ ಹಾಡನ್ನು ಕೊನೆಯವರೆಗೂ ಕೇಳಿದ ಮೊದಲ ಸಭೆ ಅದು. ಈ ಸಲವಾದರೂ ಚೆನ್ನಾಗಿ ಬರಲಿ ಎಂದು ನಾನು, ತಿಂಗಳುಗಟ್ಟಲೆ ಶಾಪ ಹಾಕಿದ್ದ ನಾನು, ಬಾಗಿಲ ಹತ್ತಿರ ನಿಂತು ದೇವರಿಗೆ ಬೇಡಿಕೊಂಡೆ. ಬರಲಿಲ್ಲ.

ಮುನಿಆಂಜಿನಪ್ಪನವರು ಟವೆಲಿನಿಂದ ಕಣ್ಣೊರೆಸಿಕೊಂಡರು.

"ಕಾಸಿಗೆ ಯಾರೂ ಇಂಗೆ ಬಾರ್ಸಲ್ಲ ಕಣಪ್ಪ. ಇದು ಅರಕೇನೇ."

ಅದರ ಮೇಲೆ ಅಪೀಲಿರಲಿಲ್ಲ. ಅವರೆಲ್ಲ ಎದ್ದರು. ಮಗು ಮೊದಲು ಹುಷಾರಾಗಲಿ, ಆಮೇಲೆ ಮಾತಾಡೋಣ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಮರಿಯಮ್ಮ ಚೈತ್ರಳ ತಲೆ ಸವರಿ, ಎಳನೀರು ಬಿಸಿಲಲ್ಲಿಡಬೇಡ ಎಂದರು. ಗಿರಿ ಬಾಗಿಲ ಹತ್ತಿರ ಒಂದು ಕ್ಷಣ ನಿಂತ. ಏನೋ ಹೇಳುತ್ತಾನೆ ಎಂದು ಎಲ್ಲರೂ ಕಾದೆವು. ಬಗ್ಗಿ ಶೂ ಹಾಕಿಕೊಂಡು ಹೊರಟುಹೋದ.

ಕಾರು ತಿರುಗಿದ ಮೇಲೆ ದ್ರೌಪದಮ್ಮನವರು ಬೈಯುತ್ತಾರೆಂದು ನಾನು ಕಾದಿದ್ದೆ. ಅವರು ಸೀದಾ ಒಳಗೆ ಹೋಗಿ ಭಿಕ್ಷೆಯ ಅಕ್ಕಿಯಲ್ಲಿದ್ದ ಕಲ್ಲು ಆರಿಸತೊಡಗಿದರು. ಬೇರೆ ಬೇರೆ ಮನೆಯ ಅಕ್ಕಿ, ದಪ್ಪ ಸಣ್ಣ ಎಲ್ಲ ಬೆರೆತಿತ್ತು. ಚೈತ್ರ ಮೆಟ್ಟಿಲ ಮೇಲೆ ಕೂತಿದ್ದಳು. ಬಾಲರಾಜು ಹೋಗಿ ಎರಡು ಮೆಟ್ಟಿಲು ಕೆಳಗೆ ಕೂತರು. ಆಗ ಅವಳು ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂಚೂರು ಚೆನ್ನಾಗ್ ಬಾರಿಸ್ಬಹುದಿತ್ತಲ್ಲಪ್ಪ."

ನಾನು ನನ್ನ ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡೆ. ಆ ವಾರವೆಲ್ಲ ತಾರಸಿಯ ಮೇಲೆ ಏನೂ ಕೇಳಿಸಲಿಲ್ಲ. ಯಾವುದನ್ನು ನಿಲ್ಲಿಸಲೆಂದು ನಾನು ಮನೆ ಬದಲಾಯಿಸುವ ಯೋಚನೆ ಮಾಡಿದ್ದೆನೋ ಅದು ನಿಂತಿತ್ತು. ನನಗೆ ನಿದ್ದೆ ಬರಲಿಲ್ಲ.

ಮುಂದಿನ ಶನಿವಾರ ಬೆಳಗ್ಗೆ ಬೆಲ್ ಆಯಿತು. ಬಾಗಿಲು ತೆರೆದರೆ ಬಾಲರಾಜು. ಹಣೆಗೆ ನಾಮ, ಬರಿಗಾಲು, ಕೈಯಲ್ಲಿ ಹಿತ್ತಾಳೆಯ ಚೊಂಬು. ಯುಕುಲೇಲೆ ಇರಲಿಲ್ಲ. ಹಿಂದೆ ದ್ರೌಪದಮ್ಮನವರು ತಲೆ ತಗ್ಗಿಸಿ ನಿಂತಿದ್ದರು. ಮೊದಲನೆಯ ಮನೆ ನಿಮ್ಮದೇ ಎಂದರು ಬಾಲರಾಜು. ನನಗೆ ರೇಗಿತು. ಊರಿನವರ ಹುಚ್ಚಿಗೆ ನೀವೂ ಕುಣಿಯುತ್ತೀರಲ್ಲ, ಇಲ್ಲದ ಕಾಯಿಲೆಗೆ ಎಲ್ಲಿಯ ಹರಕೆ ಎಂದು ಕೇಳಿಯೇಬಿಟ್ಟೆ.

"ಕಾಯಿಲೆಗಲ್ಲ," ಎಂದರು ಅವರು. "ಆ ಗಿರಿಗೆ ಬಾಯಿ ಬರ್ಲಿ ಅಂತ."

ಆಮೇಲೆ ಗೋವಿಂದ ಎಂದರು. ನಾನು ಒಳಗೆ ಹೋಗಿ ಅಕ್ಕಿ ತಂದು ಚೊಂಬಿಗೆ ಸುರಿದೆ.